ಕಡಿಮೆ ಬಜೆಟ್ಟಿನ ಸಿನಿಮಾ, ಪೂರ್ತಿ ದಿನದ ದುಡಿಮೆ

2025ರ ಮಾರ್ಚ್ 2ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ‘ಅನೋರಾ’ ಐದು ಆಸ್ಕರ್ ಗೆದ್ದಿತು. ಅದರಲ್ಲಿ ನಾಲ್ಕು ನಿರ್ದೇಶಕ ಶಾನ್ ಬೇಕರ್ ಒಬ್ಬರ ಕೈಗೇ ಬಂದವು. ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 60 ಲಕ್ಷ ಡಾಲರ್. ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಒಂದು ಚಿತ್ರದ ಪ್ರಚಾರಕ್ಕೇ ಇದರ ಹಲವು ಪಟ್ಟು ಸುರಿಯುತ್ತವೆ. ಆಸ್ಕರ್‌ಗೆ ವಾರದ ಮುಂಚೆ, ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಪಡೆದ ವೇದಿಕೆಯಲ್ಲಿ ಬೇಕರ್ ಮನಸ್ಸಿನ ಮಾತು ಹೇಳಿಕೊಂಡಿದ್ದರು. ಒಂದು ಚಿತ್ರಕ್ಕಾಗಿ ಮೂರು ವರ್ಷ ಕೊಡುವ ಸ್ವತಂತ್ರ ನಿರ್ದೇಶಕನಿಗೆ ಸಿಗುವ ಸಂಭಾವನೆಯಲ್ಲಿ ಸಂಸಾರ ತೂಗಿಸಲಾಗದು, ಮುಂಗಡ ಹಣ ಹೆಚ್ಚಬೇಕು ಎಂಬುದು ಅದರ ತಾತ್ಪರ್ಯ. ಸಭೆ ಒಪ್ಪಿ ಚಪ್ಪಾಳೆ ತಟ್ಟಿತು. ಅದರ ಬೆನ್ನಿಗೇ ಇನ್ನೊಂದು ಸಂಗತಿ ಚರ್ಚೆಗೆ ಬಂತು. ನ್ಯೂಯಾರ್ಕಿನಲ್ಲಿ ‘ಅನೋರಾ’ ಶೂಟಿಂಗ್ ಶುರುವಾದಾಗ ತಂತ್ರಜ್ಞರಿಗೆ ಯೂನಿಯನ್ ಕರಾರು ಇರಲಿಲ್ಲ; ಚಿತ್ರೀಕರಣ ನಡೆಯುತ್ತಿರುವಾಗಲೇ ಅವರು ಸಂಘಟಿತರಾಗಿ ಅದನ್ನು ಪಡೆದುಕೊಂಡರು.

ಈ ಎರಡು ಸಂಗತಿಗಳು ಒಂದೇ ಪ್ರಶ್ನೆಯ ಎರಡು ಬದಿಗಳು. ಹಣ ಕಡಿಮೆಯಿರುವ ಚಿತ್ರದಲ್ಲಿ ಉಳಿತಾಯ ಯಾರ ಪಾಲಿನಿಂದ ಆಗಬೇಕು? ನಿರ್ದೇಶಕನಿಂದಲೇ, ಕಲಾವಿದರಿಂದಲೇ, ಬೆಳಗಿನ ಜಾವ ಐದಕ್ಕೆ ಬಂದು ಲೈಟು ಕಟ್ಟುವವನಿಂದಲೇ? ಅಮೆರಿಕದ ಚಿತ್ರರಂಗ ಇದಕ್ಕೆ ಹಲವು ದಶಕಗಳ ಜಗ್ಗಾಟದಲ್ಲಿ ಒಂದು ಉತ್ತರ ಕಟ್ಟಿಕೊಂಡಿದೆ. ಬಜೆಟ್ಟಿನ ಗಾತ್ರಕ್ಕೆ ತಕ್ಕಂತೆ ಕೂಲಿ ಇಳಿಸುವ, ಆದರೆ ದುಡಿಯುವವರ ಊಟ, ನಿದ್ದೆ, ಆರೋಗ್ಯ ವಿಮೆಗಳನ್ನು ಆದಷ್ಟೂ ಮುಟ್ಟದಿರುವ ‘ಲೋ ಬಜೆಟ್’ ಕರಾರುಗಳೇ ಆ ಉತ್ತರ. ಅದು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಜೊಳ್ಳಾಗಿದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ಒಂದು ಸಿನಿಮಾ, ಹಲವು ಸಂಘಗಳು

ಅಮೆರಿಕದಲ್ಲಿ ‘ಯೂನಿಯನ್ ಸಿನಿಮಾ’ ಎಂಬುದು ಒಂದೇ ಕರಾರಿನಿಂದ ಆಗುವುದಿಲ್ಲ. ನಟನಟಿಯರದು ಸ್ಯಾಗ್-ಆಫ್ಟ್ರಾ. ನಿರ್ದೇಶಕರು, ಸಹಾಯಕ ನಿರ್ದೇಶಕರು ಮತ್ತು ಯೂನಿಟ್ ಪ್ರೊಡಕ್ಷನ್ ಮ್ಯಾನೇಜರ್‌ಗಳದು ಡೈರೆಕ್ಟರ್ಸ್ ಗಿಲ್ಡ್. ಚಿತ್ರಕಥೆಯವರದು ರೈಟರ್ಸ್ ಗಿಲ್ಡ್. ವಾಹನ ಚಾಲಕರು ಟೀಮ್‌ಸ್ಟರ್ಸ್ ಸಂಘದವರು; ಲಾಸ್ ಏಂಜಲೀಸ್‌ನಲ್ಲಿ ಅದರ 399ನೇ ಲೋಕಲ್ (ಸ್ಥಳೀಯ ಘಟಕ), ನ್ಯೂಯಾರ್ಕಿನಲ್ಲಿ 817ನೇ ಲೋಕಲ್. ಉಳಿದ ತಂತ್ರಜ್ಞರಲ್ಲಿ ಬಹುಪಾಲು ಜನ, ಅಂದರೆ ಕ್ಯಾಮೆರಾ, ಲೈಟು, ಗ್ರಿಪ್, ಧ್ವನಿ, ಕಲೆ, ವಸ್ತ್ರ, ಮೇಕಪ್, ಸಂಕಲನದವರು, ಐಎಟಿಎಸ್‌ಇ ಎಂಬ ದೊಡ್ಡ ಒಕ್ಕೂಟದೊಳಗೆ ಬರುತ್ತಾರೆ. 1893ರಲ್ಲಿ ರಂಗಭೂಮಿಯ ತೆರೆಮರೆಯ ಕೆಲಸಗಾರರು ಕಟ್ಟಿದ ಸಂಘಟನೆ ಇದು. ಇಂದು ಅಮೆರಿಕ, ಕೆನಡಾ ಎರಡೂ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಒಳಗೆ ಕಸುಬಿಗೊಂದು, ಊರಿಗೊಂದು ಲೋಕಲ್: ಛಾಯಾಗ್ರಹಣಕ್ಕೆ ದೇಶವ್ಯಾಪಿ 600, ಸಂಕಲನಕ್ಕೆ 700, ಲಾಸ್ ಏಂಜಲೀಸ್‌ನ ಗ್ರಿಪ್‌ಗಳಿಗೆ 80, ಲೈಟಿನವರಿಗೆ 728, ನ್ಯೂಯಾರ್ಕಿನ ಹಲವು ಕಸುಬುಗಳಿಗೆ 52, ಜಾರ್ಜಿಯಾಕ್ಕೆ 479, ನ್ಯೂ ಮೆಕ್ಸಿಕೊಕ್ಕೆ 480.

ಸಣ್ಣ ನಿರ್ಮಾಪಕನಿಗೆ ಮೊದಲ ತೊಡಕು ಇಲ್ಲೇ. ಹೆಸರಿರುವ ನಟ ಬೇಕೆಂದರೆ ಸ್ಯಾಗ್-ಆಫ್ಟ್ರಾ ಕರಾರಿಗೆ ಸಹಿ ಹಾಕಲೇಬೇಕು. ಸಂಘ ‘ಗ್ಲೋಬಲ್ ರೂಲ್ ಒನ್’ ಎಂದು ಕರೆಯುವ ನಿಯಮದ ಪ್ರಕಾರ, ಕರಾರಿಲ್ಲದ ನಿರ್ಮಾಪಕನಿಗೆ ಅದರ ಸದಸ್ಯರು ಲೋಕದ ಯಾವ ಮೂಲೆಯಲ್ಲೂ ಕೆಲಸ ಮಾಡುವಂತಿಲ್ಲ. ತಂತ್ರಜ್ಞರ ವಿಷಯದಲ್ಲಿ ಈ ಒತ್ತಡ ಅಷ್ಟು ಬಿಗಿಯಿಲ್ಲ. ಹೀಗಾಗಿ ಎಷ್ಟೋ ಸಣ್ಣ ಚಿತ್ರಗಳಲ್ಲಿ ಕ್ಯಾಮೆರಾ ಮುಂದೆ ನಿಂತವರಿಗೆ ಯೂನಿಯನ್ ಇರುತ್ತದೆ, ಹಿಂದೆ ನಿಂತವರಿಗೆ ಇರುವುದಿಲ್ಲ. ಒಂದೇ ಸೆಟ್ಟಿನಲ್ಲಿ ನಟನ ಊಟದ ಗಂಟೆಗೆ ಕಾವಲಿದೆ, ಅವನ ಮುಖಕ್ಕೆ ಬೆಳಕು ಹಿಡಿಯುವವನ ಊಟಕ್ಕೆ ಇಲ್ಲ.

ಮೆಟ್ಟಿಲುಗಳ ಲೆಕ್ಕ

ಕರಾರಿಗೆ ಸಹಿ ಹಾಕುವುದು ಸಾಮಾನ್ಯವಾಗಿ ನಿರ್ಮಾಪಕನ ಮೂಲ ಕಂಪನಿಯಲ್ಲ. ಆ ಒಂದು ಚಿತ್ರಕ್ಕಾಗಿಯೇ ನೋಂದಾಯಿಸಿದ ಸಣ್ಣ ಕಂಪನಿ. ಅದು ಬಜೆಟ್ಟಿನ ಸಾರಾಂಶ ಪುಟವನ್ನು, ಸೆಟ್ಟಿನವರು ‘ಟಾಪ್ ಶೀಟ್’ ಎನ್ನುವುದನ್ನು, ಸಂಘಕ್ಕೆ ಒಪ್ಪಿಸಬೇಕು. ಮೊತ್ತ ನೋಡಿ ಸಂಘ ಯಾವ ಮೆಟ್ಟಿಲು ಎಂದು ನಿರ್ಧರಿಸುತ್ತದೆ. ಮುಂದೆ ವೆಚ್ಚ ಆ ಮಿತಿಯನ್ನು ದಾಟಿದರೆ ಚಿತ್ರ ಮೇಲಿನ ಮೆಟ್ಟಿಲಿಗೆ ಏರುತ್ತದೆ, ಕೂಲಿಯೂ ಜೊತೆಗೇ ಏರುತ್ತದೆ. ಲೆಕ್ಕಪತ್ರ ತಪಾಸಣೆಯ ಹಕ್ಕನ್ನು ಸಂಘ ಉಳಿಸಿಕೊಂಡಿರುತ್ತದೆ.

ಸ್ಯಾಗ್-ಆಫ್ಟ್ರಾದ ಮೆಟ್ಟಿಲುಗಳು ಅರ್ಥಮಾಡಿಕೊಳ್ಳಲು ಸುಲಭ. 3 ಲಕ್ಷ ಡಾಲರ್ ಒಳಗಿನದು ಅಲ್ಟ್ರಾ ಲೋ ಬಜೆಟ್, 7 ಲಕ್ಷದ ಒಳಗಿನದು ಮಾಡರೇಟ್ ಲೋ ಬಜೆಟ್, 20 ಲಕ್ಷದ ಒಳಗಿನದು ಲೋ ಬಜೆಟ್. ಕೆಳಗೆ ಕಿರುಚಿತ್ರಕ್ಕೂ ವಿದ್ಯಾರ್ಥಿ ಚಿತ್ರಕ್ಕೂ ಬೇರೆ ಕರಾರುಗಳಿವೆ. ಮೆಟ್ಟಿಲು ಇಳಿದಂತೆ ದಿನದ ಸಂಭಾವನೆ ಇಳಿಯುತ್ತದೆ. ತಾರಾಗಣದಲ್ಲಿ ಮಹಿಳೆಯರಿಗೆ, ವರ್ಣೀಯರಿಗೆ, ಅಂಗವಿಕಲರಿಗೆ, ಹಿರಿಯರಿಗೆ ಹೆಚ್ಚು ಪಾತ್ರ ಕೊಟ್ಟರೆ ಬಜೆಟ್ ಮಿತಿಯನ್ನು ಸ್ವಲ್ಪ ಸಡಿಲಿಸುವ ಅವಕಾಶವನ್ನೂ ಸಂಘ ಇಟ್ಟಿದೆ. ನಟರ ಹಣಕ್ಕೆ ಭದ್ರತೆಯಾಗಿ ಮುಂಗಡ ಠೇವಣಿ ಕೇಳುವುದುಂಟು. ಅದು ಚಿತ್ರ ಮುಗಿದು ಲೆಕ್ಕ ತೀರಿದ ಮೇಲೆ ಹಿಂದಿರುಗುತ್ತದೆ. ಅಲ್ಲಿಯವರೆಗೆ ಸಣ್ಣ ನಿರ್ಮಾಪಕನ ಕೈ ಕಟ್ಟಿದಂತೆ ಆಗುವುದೂ ನಿಜ.

ಐಎಟಿಎಸ್‌ಇಯದು ಬೇರೆ ಅಳತೆ. ಅದರ ಲೋ ಬಜೆಟ್ ಚಿತ್ರಕರಾರಿನ ಮೇಲ್ಮಿತಿ ಒಂದು ಕೋಟಿ ಡಾಲರನ್ನು ದಾಟಿ ಏರುತ್ತ ಬಂದಿದೆ. ಅದರೊಳಗೆ ಒಂದನೇ, ಎರಡನೇ, ಮೂರನೇ ‘ಟಿಯರ್’ಗಳಿದ್ದು, ತೀರ ಸಣ್ಣ ಚಿತ್ರಗಳಿಗೆ ಕೂಲಿಯನ್ನು ಮಾತುಕತೆಯಲ್ಲೇ ತೀರ್ಮಾನಿಸುವ ಕೆಳಹಂತವೂ ಇದೆ. ನಟರ ಲೆಕ್ಕದಲ್ಲಿ ‘ಲೋ ಬಜೆಟ್’ ಎನ್ನಿಸಲಾರದ ‘ಅನೋರಾ’ದಂಥ 60 ಲಕ್ಷದ ಚಿತ್ರ ತಂತ್ರಜ್ಞರ ಲೆಕ್ಕದಲ್ಲಿ ಸಣ್ಣದೇ. ಡೈರೆಕ್ಟರ್ಸ್ ಗಿಲ್ಡ್‌ಗೂ ತನ್ನದೇ ಮಿತಿಗಳಿವೆ. ಸಂಭಾವನೆಯ ಒಂದು ಭಾಗವನ್ನು ಮುಂದಕ್ಕೆ ಹಾಕಲು ಅದು ಸಣ್ಣ ಚಿತ್ರಗಳಿಗೆ ಬಿಡುತ್ತದೆ. ಹೀಗೆ ಒಂದೇ ಚಿತ್ರ ಮೂರು ಸಂಘಗಳ ಮುಂದೆ ಮೂರು ಗಾತ್ರದಲ್ಲಿ ನಿಲ್ಲುತ್ತದೆ. ವಕೀಲರೂ ಅನುಭವಿ ಲೈನ್ ಪ್ರೊಡ್ಯೂಸರೂ ಇಲ್ಲದ ತಂಡಕ್ಕೆ ಈ ಗೋಜಲೇ ಸಾಕು, ಯೂನಿಯನ್ನಿನ ಸಹವಾಸವೇ ಬೇಡ ಎನ್ನಿಸಲು.

ಗಡಿಯಾರವೇ ಕರಾರಿನ ತಿರುಳು

ಹೊರಗಿನವರು ಯೂನಿಯನ್ ಕರಾರು ಎಂದರೆ ಕೂಲಿಯ ಪಟ್ಟಿ ಎಂದುಕೊಳ್ಳುತ್ತಾರೆ. ಸೆಟ್ಟಿನಲ್ಲಿ ದುಡಿಯುವವರು ಮೊದಲು ಓದುವುದು ಗಂಟೆಗಳ ಲೆಕ್ಕ. ಅದರ ಮುಖ್ಯ ಅಂಶಗಳು ನಾಲ್ಕು.

ಒಂದು, ಊಟ. ಕೆಲಸ ಶುರುವಾದ ಆರು ಗಂಟೆಯೊಳಗೆ ಊಟದ ಬಿಡುವು ಕೊಡಬೇಕು. ತಪ್ಪಿದರೆ ‘ಮೀಲ್ ಪೆನಾಲ್ಟಿ’. ಬಿಡುವು ತಡವಾದಷ್ಟೂ ಅದು ಬೆಳೆಯುತ್ತದೆ ಮತ್ತು ಸೆಟ್ಟಿನಲ್ಲಿರುವ ಪ್ರತಿಯೊಬ್ಬರಿಗೂ ಸಲ್ಲಬೇಕಾಗುತ್ತದೆ. ಎರಡು, ಓವರ್‌ಟೈಮ್. ಮೂರು, ‘ಟರ್ನ್‌ಅರೌಂಡ್’, ಅಂದರೆ ಇಂದಿನ ಪ್ಯಾಕಪ್‌ಗೂ ನಾಳೆಯ ಕಾಲ್‌ಟೈಮ್‌ಗೂ ನಡುವೆ ಇರಲೇಬೇಕಾದ ವಿರಾಮ. ನಾಲ್ಕು, ‘ಫ್ರಿಂಜ್’: ಕೂಲಿಯ ಮೇಲೆ ನಿರ್ಮಾಪಕ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಕಟ್ಟಬೇಕಾದ ಹಣ.

ಕರಾರಿಲ್ಲದ ಸೆಟ್ಟಿನಲ್ಲಿ ಈ ಜಾಗವನ್ನೆಲ್ಲ ಒಂದೇ ಮಾತು ತುಂಬುತ್ತದೆ: ‘ಫ್ಲ್ಯಾಟ್ ರೇಟ್’. ದಿನಕ್ಕೆ ಇನ್ನೂರು ಡಾಲರ್, ಹನ್ನೆರಡು ಗಂಟೆ ಎಂಬ ಕರೆ ಲಾಸ್ ಏಂಜಲೀಸ್‌ನ ಹೊಸಬರಿಗೆ ಚಿರಪರಿಚಿತ. ಇದನ್ನು ಕ್ಯಾಲಿಫೋರ್ನಿಯಾದ ಕಾನೂನಿಗೆ ಹಚ್ಚಿ ನೋಡಬೇಕು. ಅಲ್ಲಿ ದಿನದ ಎಂಟು ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು, ಹನ್ನೆರಡು ದಾಟಿದ ಮೇಲೆ ಎರಡು ಪಟ್ಟು ಕೂಲಿ. ಹನ್ನೆರಡು ಗಂಟೆಯ ದುಡಿಮೆಗೆ ಎಂಟು ಗಂಟೆಯ ನೇರ ಕೂಲಿ, ಮಿಕ್ಕ ನಾಲ್ಕಕ್ಕೆ ಆರು ಗಂಟೆಯ ಕೂಲಿ. ಒಟ್ಟು ಹದಿನಾಲ್ಕು ಗಂಟೆಯ ಹಣ. 2025ರಲ್ಲಿ ಆ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್. ಅಂದರೆ ಕನಿಷ್ಠ 231 ಡಾಲರ್ ಸಲ್ಲಬೇಕು. ಇನ್ನೂರು ಡಾಲರಿನ ಕರೆ ಯೂನಿಯನ್ ಮಟ್ಟಕ್ಕಿಂತ ಕೆಳಗಿರುವುದಷ್ಟೇ ಅಲ್ಲ, ಕಾನೂನಿನ ನೆಲಮಟ್ಟಕ್ಕಿಂತಲೂ ಕೆಳಗಿದೆ. ಕಾನೂನು ಎಲ್ಲರಿಗೂ ಅನ್ವಯಿಸುತ್ತದೆ, ನಿಜ. ಆದರೆ ಮುಂದಿನ ಕೆಲಸದ ಕರೆಗಾಗಿ ಕಾಯುವ ಇಪ್ಪತ್ತೆರಡರ ಹುಡುಗಿ ನಿರ್ಮಾಪಕನ ಮೇಲೆ ಒಬ್ಬಳೇ ದೂರು ಕೊಡಲಾರಳು. ಸಂಘದ ಪ್ರತಿನಿಧಿ ಸೆಟ್ಟಿಗೆ ಬಂದು ಅವಳ ಪರವಾಗಿ ಮಾತಾಡಬಲ್ಲ.

ಗಂಟೆ ಕೂಡಿಟ್ಟು ವಿಮೆ

ಕಡಿಮೆ ಕೂಲಿಯಾದರೂ ಸರಿ, ಯೂನಿಯನ್ ಕರಾರಿನಡಿಯೇ ದುಡಿಯಬೇಕೆಂದು ತಂತ್ರಜ್ಞರು ಬಯಸಲು ಬಲವಾದ ಕಾರಣ ಆರೋಗ್ಯ ವಿಮೆ. ಅಮೆರಿಕದಲ್ಲಿ ವಿಮೆ ಬಹುತೇಕ ಉದ್ಯೋಗದ ಜೊತೆಗೆ ಬರುವಂಥದ್ದು. ಐದು ವಾರ ಒಂದು ಕಂಪನಿ, ಎರಡು ತಿಂಗಳು ಖಾಲಿ, ಮತ್ತೆ ಮೂರು ವಾರ ಇನ್ನೊಂದು ಕಂಪನಿ ಎಂದು ಬದುಕುವವರಿಗೆ ಯಾವ ಉದ್ಯೋಗದಾತನೂ ಸ್ಥಿರವಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿದ್ದು ಹಲವು ನಿರ್ಮಾಪಕರು ಸೇರಿ ಕಟ್ಟುವ ನಿಧಿ. ಪಶ್ಚಿಮದಲ್ಲಿ ಮೋಷನ್ ಪಿಕ್ಚರ್ ಇಂಡಸ್ಟ್ರಿ ಪಿಂಚಣಿ ಮತ್ತು ಆರೋಗ್ಯ ಯೋಜನೆ, ಬೇರೆ ಕಡೆಗಳಲ್ಲಿ ಹೆಚ್ಚಾಗಿ ಐಎಟಿಎಸ್‌ಇಯ ರಾಷ್ಟ್ರೀಯ ನಿಧಿಗಳು ಈ ಕೆಲಸ ಮಾಡುತ್ತವೆ.

ಮೊದಲನೆಯದರ ಲೆಕ್ಕ ಗಂಟೆಗಳಲ್ಲಿ. ಯೋಜನೆಯೊಳಗೆ ಮೊದಲ ಬಾರಿ ಬರಲು 600 ಗಂಟೆ ದುಡಿದಿರಬೇಕು; ಆಮೇಲೆ ಉಳಿದುಕೊಳ್ಳಲು ಆರು ತಿಂಗಳಿಗೆ 400 ಗಂಟೆ. ಹೆಚ್ಚು ದುಡಿದ ತಿಂಗಳ ಗಂಟೆಗಳಲ್ಲಿ ಒಂದಿಷ್ಟನ್ನು ಕೂಡಿಟ್ಟು ಕೆಲಸವಿಲ್ಲದ ದಿನಗಳಿಗೆ ಬಳಸುವ ವ್ಯವಸ್ಥೆಯೂ ಇದೆ. ಸಣ್ಣ ಚಿತ್ರವೊಂದು 25 ದಿನ ಶೂಟಿಂಗ್ ಮಾಡಿತು, ದಿನಕ್ಕೆ ಹನ್ನೆರಡು ಗಂಟೆ ಎಂದಿಟ್ಟುಕೊಂಡರೆ 300 ಗಂಟೆಯಾಯಿತು. ಅದು ಕರಾರಿನಡಿ ನಡೆದಿದ್ದರೆ ಆ ಕುಟುಂಬಕ್ಕೆ ಅರ್ಧವರ್ಷದ ವಿಮೆಗೆ ಬೇಕಾದ ಮುಕ್ಕಾಲು ಪಾಲು ಸಿಕ್ಕಂತೆ. ಕರಾರಿಲ್ಲದೆ ನಡೆದಿದ್ದರೆ ಅದೇ ಬೆವರು ವಿಮೆಯ ಲೆಕ್ಕದಲ್ಲಿ ಸೊನ್ನೆ. ‘ಅನೋರಾ’ದಂಥ ಚಿತ್ರದ ನಡುವೆ ತಂತ್ರಜ್ಞರು ಎದ್ದು ನಿಂತದ್ದನ್ನು ಈ ಲೆಕ್ಕದ ಹಿನ್ನೆಲೆಯಲ್ಲಿ ನೋಡಬೇಕು.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಚಿತ್ರ ಟಿವಿಗೆ, ವಿಡಿಯೋಗೆ, ಸ್ಟ್ರೀಮಿಂಗ್‌ಗೆ ಹೋದಾಗ ಬರುವ ‘ರೆಸಿಡ್ಯುಯಲ್’ ಹಣ ನಟರಿಗೆ ಚೆಕ್ಕಿನ ರೂಪದಲ್ಲಿ ವೈಯಕ್ತಿಕವಾಗಿ ಸಿಗುತ್ತದೆ. ತಂತ್ರಜ್ಞರ ಪಾಲು ಸೇರುವುದು ಎಲ್ಲರ ಪಿಂಚಣಿ ಮತ್ತು ಆರೋಗ್ಯ ನಿಧಿಗೆ. ತಾನು ದುಡಿದ ಚಿತ್ರ ಗೆದ್ದರೆ ಲೈಟಿನವನಿಗೆ ಬೇರೆಯಾಗಿ ಏನೂ ಬರುವುದಿಲ್ಲ. ಆದರೆ ಅವನು ಎಂದೂ ಕಾಣದ ಚಿತ್ರದ ಗೆಲುವಿನಿಂದ ಅವನ ಮಗುವಿನ ಆಸ್ಪತ್ರೆ ಖರ್ಚು ತೀರಬಹುದು.

ಈ ದಾರಿಗೆ ಬಂದ ಬಗೆ

ಯೂನಿಯನ್ ಮೊದಲಿನಿಂದಲೂ ಸಣ್ಣ ಚಿತ್ರಗಳನ್ನು ಕೈಬೀಸಿ ಕರೆದದ್ದಲ್ಲ. ಕಾರ್ಮಿಕರ ಸಂಘಟನೆಯ ಹಕ್ಕನ್ನು ರಕ್ಷಿಸುವ ರಾಷ್ಟ್ರೀಯ ಕಾನೂನು ಬಂದದ್ದು 1935ರಲ್ಲಿ. ಅದೇ ದಶಕದಲ್ಲಿ ಐಎಟಿಎಸ್‌ಇಯ ಚುಕ್ಕಾಣಿ ಜಾರ್ಜ್ ಬ್ರೌನ್ ಮತ್ತು ವಿಲ್ಲಿ ಬಯೋಫ್ ಎಂಬ, ಷಿಕಾಗೋ ಮಾಫಿಯಾದ ನೆರಳಿನಲ್ಲಿದ್ದವರ ಕೈಯಲ್ಲಿತ್ತು. ಮುಷ್ಕರದ ಬೆದರಿಕೆ ಒಡ್ಡಿ ಸ್ಟುಡಿಯೋಗಳಿಂದ ಹಣ ಸುಲಿದ ಆರೋಪದಲ್ಲಿ 1941ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. 1945ರ ಅಕ್ಟೋಬರ್ 5ರಂದು ವಾರ್ನರ್ ಬ್ರದರ್ಸ್ ಸ್ಟುಡಿಯೋ ಬಾಗಿಲಲ್ಲಿ ಪ್ರತಿಸ್ಪರ್ಧಿ ಒಕ್ಕೂಟವೊಂದರ ಮುಷ್ಕರ ರಕ್ತಪಾತಕ್ಕೆ ತಿರುಗಿತು. ಆ ಕಾಲದ ಕಸುಬಿನ ಬಾಗಿಲು ಒಳಗಿನವರ ಮಕ್ಕಳಿಗೆ ತೆರೆದಷ್ಟು ಹೊರಗಿನವರಿಗೆ ತೆರೆಯುತ್ತಿರಲಿಲ್ಲ.

ಹೊರಗುಳಿದವರಿಗೆ ಆಸರೆಯಾದವರು ರೋಜರ್ ಕಾರ್ಮನ್‌ರಂಥ ನಿರ್ಮಾಪಕರು. ಯೂನಿಯನ್ ಇಲ್ಲದ, ಅತಿ ಕಡಿಮೆ ಖರ್ಚಿನ, ಕೆಲವೇ ದಿನಗಳಲ್ಲಿ ಮುಗಿಯುವ ಅವರ ಚಿತ್ರಗಳಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ, ಮಾರ್ಟಿನ್ ಸ್ಕಾರ್ಸೆಸಿ, ಜೋನಾಥನ್ ಡೆಮ್ಮಿ, ಜೇಮ್ಸ್ ಕ್ಯಾಮೆರಾನ್ ಕೆಲಸ ಕಲಿತರು. ಈ ಋಣವನ್ನು ಯಾರೂ ಅಲ್ಲಗಳೆಯಲಾಗದು. ಜೊತೆಗೇ ಹೇಳಬೇಕಾದದ್ದು: ಆ ‘ಶಾಲೆ’ಯ ಶುಲ್ಕವನ್ನು ಕಲಿಯುವವರೇ ತಮ್ಮ ನಿದ್ದೆಗೆಟ್ಟ ರಾತ್ರಿಗಳಲ್ಲಿ ತೆತ್ತರು, ಅವರಲ್ಲಿ ಕೊಪೊಲಾ ಆದವರು ಬೆರಳೆಣಿಕೆಯ ಮಂದಿ.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನ್ಯೂಯಾರ್ಕ್ ಮತ್ತು ಹಾಲಿವುಡ್ ಎರಡೂ ಕಡೆ ಪ್ರಸಾರ ಉದ್ಯೋಗಿಗಳ ಸಂಘವಾದ ನಾಬೆಟ್, ಸಡಿಲ ಷರತ್ತುಗಳಲ್ಲಿ ಸಣ್ಣ ಚಿತ್ರಗಳಿಗೆ ಕರಾರು ಕೊಡತೊಡಗಿತು. ಈ ಪೈಪೋಟಿ ಐಎಟಿಎಸ್‌ಇಯನ್ನು ಎಚ್ಚರಿಸಿತು. 1990ರಲ್ಲಿ ನಾಬೆಟ್‌ನ ನ್ಯೂಯಾರ್ಕ್ ಲೋಕಲ್ ಐಎಟಿಎಸ್‌ಇಯೊಳಗೆ ವಿಲೀನವಾಯಿತು. ಆ ದಶಕದಲ್ಲೇ, ಸ್ವತಂತ್ರ ಚಿತ್ರಗಳ ಅಲೆ ಎದ್ದ ಕಾಲದಲ್ಲಿ, ಬಜೆಟ್ ಆಧಾರಿತ ಮೆಟ್ಟಿಲುಗಳು ದೇಶವ್ಯಾಪಿ ಜಾರಿಗೆ ಬಂದವು. ದೊಡ್ಡ ಸ್ಟುಡಿಯೋದ ಕರಾರನ್ನು ಸಣ್ಣ ನಿರ್ಮಾಪಕನ ಮೇಲೆ ಹೇರಿದರೆ ಅವನು ಓಡಿಹೋಗುತ್ತಾನೆ, ಅವನ ಜೊತೆ ಕೆಲಸವೂ ಹೋಗುತ್ತದೆ ಎಂಬುದನ್ನು ಸಂಘ ಪೆಟ್ಟು ತಿಂದು ಕಲಿತಿತ್ತು.

ನಡುವೆ ‘ಫ್ಲಿಪ್’ ಆದಾಗ

ಕರಾರಿಲ್ಲದ ಶೂಟಿಂಗ್ ನಡುವೆಯೇ ಕರಾರಿಗೆ ಒಳಪಡುವುದನ್ನು ಅಲ್ಲಿನವರು ‘ಫ್ಲಿಪ್’ ಎನ್ನುತ್ತಾರೆ. ತಂತ್ರಜ್ಞರಲ್ಲಿ ಕೆಲವರು ಸಂಘಕ್ಕೆ ಸುಳಿವು ಕೊಡುತ್ತಾರೆ. ಸಂಘಟಕ ಊಟದ ಬಿಡುವಿನಲ್ಲೋ ಪಾರ್ಕಿಂಗ್ ಜಾಗದಲ್ಲೋ ಪ್ರಾತಿನಿಧ್ಯದ ಕಾರ್ಡುಗಳಿಗೆ ಸಹಿ ಪಡೆಯುತ್ತಾನೆ. ಬಹುಮತ ಸಿಕ್ಕಾಗ ನಿರ್ಮಾಪಕನಿಗೆ ಬೇಡಿಕೆ ತಲುಪುತ್ತದೆ. ಒಪ್ಪದಿದ್ದರೆ ಕೆಲಸ ನಿಲ್ಲುತ್ತದೆ. ಹೀಗೆ ಸಂಘಟಿತರಾದವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 1935ರ ಕಾನೂನು ನಿಷೇಧಿಸುತ್ತದೆ. ದಿನಕ್ಕೆ ಹತ್ತಾರು ಸಾವಿರ ಡಾಲರ್ ಬಾಡಿಗೆ ಹರಿಯುತ್ತಿರುವಾಗ, ನಟನ ಡೇಟ್ ಮುಗಿಯುತ್ತಿರುವಾಗ, ಎರಡು ದಿನದ ಮುಷ್ಕರವನ್ನೂ ತಡೆದುಕೊಳ್ಳುವ ಶಕ್ತಿ ಸಣ್ಣ ಚಿತ್ರಕ್ಕಿರದು. ಮಾತುಕತೆ ಬೇಗನೆ ಮುಗಿಯುತ್ತದೆ.

ನಿರ್ಮಾಪಕರ ದೂರಿನಲ್ಲಿ ಸತ್ಯವಿದೆ. ಹಣ ಕೂಡಿಸಿ ಬಜೆಟ್ ಕಟ್ಟಿದ ಮೇಲೆ ಫ್ರಿಂಜ್, ಓವರ್‌ಟೈಮ್, ಪೆನಾಲ್ಟಿಗಳು ಬಂದು ಬಿದ್ದರೆ ಅದನ್ನು ಎಲ್ಲಿಂದಲೋ ಕತ್ತರಿಸಬೇಕು. ಹೆಚ್ಚಾಗಿ ಶೂಟಿಂಗ್ ದಿನಗಳನ್ನೇ. ಆದರೆ ಇದಕ್ಕೆ ಮದ್ದು ಮೊದಲೇ ಇದೆ. ಶೂಟಿಂಗ್ ಆರಂಭಕ್ಕೆ ಮುಂಚೆ ಸಂಘದ ಕಚೇರಿಗೆ ಹೋಗಿ ತಕ್ಕ ಮೆಟ್ಟಿಲಿನಲ್ಲಿ ಸಹಿ ಹಾಕಿದ ನಿರ್ಮಾಪಕನಿಗೆ ಈ ಆಘಾತವಿಲ್ಲ. ಸಂಘಕ್ಕೆ ಗೊತ್ತಾಗಲಾರದು ಎಂಬ ಲೆಕ್ಕದ ಮೇಲೆ ಕಟ್ಟಿದ ಬಜೆಟ್ ಆರಂಭದಿಂದಲೇ ಅಪೂರ್ಣ.

ಹೊಸಬರಿಗೆ ಫ್ಲಿಪ್ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಲಾಸ್ ಏಂಜಲೀಸ್‌ನ ಹಲವು ಕಸುಬುಗಳಲ್ಲಿ ಅನುಭವದ ಪಟ್ಟಿಗೆ ಹೆಸರು ಸೇರಲು ಒಂದು ವರ್ಷದೊಳಗೆ 30 ದಿನ ಯೂನಿಯನ್ ಕೆಲಸ, ಇಲ್ಲವೇ ಮೂರು ವರ್ಷದೊಳಗೆ ಯೂನಿಯನ್ ಇಲ್ಲದ ಕಡೆ 100 ದಿನ ದುಡಿದ ದಾಖಲೆ ಬೇಕು. ಯೂನಿಯನ್ ಕೆಲಸ ಸಿಗಲು ಪಟ್ಟಿಯಲ್ಲಿರಬೇಕು, ಪಟ್ಟಿಗೆ ಸೇರಲು ಯೂನಿಯನ್ ಕೆಲಸ ಬೇಕು ಎಂಬ ಸುತ್ತಿನಿಂದ ಹೊರಬರಲು ಸಣ್ಣ ಚಿತ್ರಗಳೇ ಅನೇಕರಿಗೆ ದಾರಿ.

ಕಾಗದ ಮಾತ್ರ ಸಾಲದು

ಕರಾರಿನ ಮಿತಿ ಎಲ್ಲಿದೆ ಎಂದು ಮೂರು ಸಾವುಗಳು ತೋರಿಸುತ್ತವೆ. 1997ರ ಮಾರ್ಚಿನಲ್ಲಿ ‘ಪ್ಲೆಸೆಂಟ್‌ವಿಲ್’ ಚಿತ್ರದ ಕ್ಯಾಮೆರಾ ಸಹಾಯಕ ಬ್ರೆಂಟ್ ಹರ್ಷ್‌ಮನ್ 19 ಗಂಟೆ ದುಡಿದು ಮನೆಗೆ ಹೊರಟಾಗ ಕಾರು ಅಪಘಾತದಲ್ಲಿ ತೀರಿಕೊಂಡರು. ಅದು ಬಡ ಚಿತ್ರವಲ್ಲ, ದೊಡ್ಡ ಕಂಪನಿಯದು. ದಿನದ ದುಡಿಮೆ 14 ಗಂಟೆ ದಾಟಬಾರದೆಂದು ಸಾವಿರಾರು ಜನ ಸಹಿ ಹಾಕಿದರು. ಹಿರಿಯ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಈ ವಿಷಯದ ಮೇಲೆ ‘ಹೂ ನೀಡ್ಸ್ ಸ್ಲೀಪ್?’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಆ ಮಿತಿ ನಿಯಮವಾಗಲಿಲ್ಲ.

2014ರ ಫೆಬ್ರವರಿ 20ರಂದು ಜಾರ್ಜಿಯಾದಲ್ಲಿ ‘ಮಿಡ್‌ನೈಟ್ ರೈಡರ್’ ಎಂಬ ಕಡಿಮೆ ಬಜೆಟ್ಟಿನ ಚಿತ್ರದ ತಂಡ ರೈಲ್ವೆ ಸೇತುವೆಯೊಂದರ ಹಳಿಯ ಮೇಲೆ ಅನುಮತಿಯಿಲ್ಲದೆ ಚಿತ್ರೀಕರಣಕ್ಕೆ ಇಳಿದಿತ್ತು. ಗೂಡ್ಸ್ ರೈಲು ಬಂದು 27 ವರ್ಷದ ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ಸತ್ತರು. ಅವರು 600ನೇ ಲೋಕಲ್‌ನ ಸದಸ್ಯೆ. ನಿರ್ದೇಶಕ ರ‍್ಯಾಂಡಲ್ ಮಿಲ್ಲರ್ ತಪ್ಪೊಪ್ಪಿಕೊಂಡು ಜೈಲು ಸೇರಿದರು.

ಮೂರನೆಯದು ‘ರಸ್ಟ್’. ಸುಮಾರು 70 ಲಕ್ಷ ಡಾಲರಿನ ಈ ಚಿತ್ರ ನ್ಯೂ ಮೆಕ್ಸಿಕೊದ ಬೊನಾನ್ಝಾ ಕ್ರೀಕ್ ರ‍್ಯಾಂಚ್‌ನಲ್ಲಿ ಯೂನಿಯನ್ ಕರಾರಿನಡಿಯೇ ನಡೆಯುತ್ತಿತ್ತು. ದೂರದ ವಸತಿ, ತಡವಾದ ಹಣ, ಬಂದೂಕುಗಳ ನಿರ್ವಹಣೆಯಲ್ಲಿನ ಅಜಾಗರೂಕತೆ ಕುರಿತು ದೂರಿದ ಕ್ಯಾಮೆರಾ ತಂಡದ ಹಲವರು ಕೆಲಸ ಬಿಟ್ಟು ಹೊರನಡೆದರು. ಅದೇ ದಿನ, 2021ರ ಅಕ್ಟೋಬರ್ 21ರಂದು, ತಾಲೀಮಿನ ವೇಳೆ ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ಪಿಸ್ತೂಲಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಹೋಯಿತು. ರಾಜ್ಯದ ಔದ್ಯೋಗಿಕ ಸುರಕ್ಷತಾ ವಿಭಾಗ ಕಂಪನಿಗೆ 1,36,793 ಡಾಲರ್ ದಂಡ ವಿಧಿಸಿತು, ಆಮೇಲೆ ರಾಜಿಯಲ್ಲಿ ಅದು ಇಳಿಯಿತು. ಶಸ್ತ್ರಗಳ ಹೊಣೆ ಹೊತ್ತಿದ್ದ ಹ್ಯಾನಾ ಗುಟಿಯೆರೆಜ್-ರೀಡ್ ಅವರಿಗೆ 2024ರಲ್ಲಿ ಹದಿನೆಂಟು ತಿಂಗಳ ಸೆರೆವಾಸವಾಯಿತು. ಬಾಲ್ಡ್‌ವಿನ್ ಮೇಲಿನ ಮೊಕದ್ದಮೆಯನ್ನು ಅದೇ ವರ್ಷ ನ್ಯಾಯಾಲಯ ವಜಾ ಮಾಡಿತು.

‘ರಸ್ಟ್’ ಯೂನಿಯನ್ ಚಿತ್ರವಾಗಿದ್ದರೂ ಹೀಗಾಯಿತಲ್ಲ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಕರಾರು ಕೂಲಿಯನ್ನು ನಿಗದಿ ಮಾಡುತ್ತದೆ. ಒಂದು ವಿಭಾಗದಲ್ಲಿ ಎಷ್ಟು ಜನ ಇರಬೇಕು, ಒಬ್ಬರಿಗೇ ಎರಡು ಹೊಣೆ ಹೊರಿಸಬಹುದೇ ಎಂಬಲ್ಲಿ ಸಣ್ಣ ಚಿತ್ರಗಳಿಗೆ ಸಡಿಲಿಕೆ ಕೊಡುತ್ತದೆ. ‘ರಸ್ಟ್’ನಲ್ಲಿ ಶಸ್ತ್ರಗಳ ಉಸ್ತುವಾರಿಯವರೇ ರಂಗಪರಿಕರಗಳ ಸಹಾಯಕಿಯೂ ಆಗಿದ್ದರು. ಹಣ ಉಳಿಸಲು ಜನ ಕಡಿಮೆ ಮಾಡಿದಾಗ ಮೊದಲು ಕರಗುವುದು ಪರೀಕ್ಷಿಸಿ ನೋಡುವ ವ್ಯವಧಾನ. ಮೆಟ್ಟಿಲು ಇಳಿಯುವಾಗ ಕೂಲಿಯ ಜೊತೆ ಜನಬಲವೂ ಇಳಿಯುವುದು ಈ ಕರಾರುಗಳ ದೊಡ್ಡ ದೌರ್ಬಲ್ಯ.

ಮಿತಿಯಾಚೆಗಿನವರು

ತೀರ ಕೆಳಗಿನ ಚಿತ್ರಗಳ ವಾದ ಬೇರೆ. ಬೇಕರ್ ಅವರದೇ ‘ಟ್ಯಾಂಜರೀನ್’ ಸುಮಾರು 1 ಲಕ್ಷ ಡಾಲರಿನಲ್ಲಿ, ಐಫೋನಿನಲ್ಲಿ ಚಿತ್ರೀಕರಣಗೊಂಡು 2015ರಲ್ಲಿ ತೆರೆಕಂಡಿತು. ಕೈಬೆರಳಲ್ಲಿ ಎಣಿಸಬಹುದಾದ ತಂಡಕ್ಕೆ ಕಸುಬುವಾರು ಲೋಕಲ್‌ಗಳ ಚೌಕಟ್ಟು ಒಗ್ಗುವುದು ಕಷ್ಟ. ‘ಬೀಸ್ಟ್ಸ್ ಆಫ್ ದ ಸದರ್ನ್ ವೈಲ್ಡ್’ ಚಿತ್ರ ಲೂಯಿಸಿಯಾನದ ವೃತ್ತಿಪರರಲ್ಲದ ನಟರನ್ನು ಸಂಘದ ಕರಾರಿನ ಹೊರಗೆ ಬಳಸಿತು. 2013ರ ಆಸ್ಕರ್‌ಗೆ ನಾಲ್ಕು ನಾಮನಿರ್ದೇಶನ ಪಡೆದರೂ ನಟರ ಸಂಘದ ಪ್ರಶಸ್ತಿಗೆ ಅದು ಅರ್ಹವೇ ಆಗಲಿಲ್ಲ.

ಇನ್ನು ಕೆಲವರು ದೇಶವನ್ನೇ ಬಿಡುತ್ತಾರೆ. ಬ್ರೇಡಿ ಕಾರ್ಬೆಟ್ ಅವರ ‘ದ ಬ್ರೂಟಲಿಸ್ಟ್’ ಅಮೆರಿಕದ ಪೆನ್ಸಿಲ್ವೇನಿಯಾದ ಕಥೆ. ಒಂದು ಕೋಟಿ ಡಾಲರಿಗಿಂತ ಕಡಿಮೆ ವೆಚ್ಚದಲ್ಲಿ ಅದು ಬಹುಪಾಲು ಚಿತ್ರೀಕರಣಗೊಂಡದ್ದು ಹಂಗೇರಿಯಲ್ಲಿ. ಆ ಚಿತ್ರದಿಂದ ತನಗೆ ಹಣವೇ ಬರಲಿಲ್ಲ ಎಂದು ಕಾರ್ಬೆಟ್ ಹೇಳಿಕೊಂಡಿದ್ದಾರೆ. ಇಲ್ಲಿ ಬಡತನದ ಮೂಲ ತಂತ್ರಜ್ಞರ ಕೂಲಿಯಲ್ಲ. ವಿತರಣೆಯ ಲಾಭ ಚಿತ್ರ ಮಾಡಿದವರಿಗೆ ಮರಳದಿರುವುದು. ಸಣ್ಣವರಿಗೆ ಕೂಲಿಯೇ ಅಡ್ಡಿಯಲ್ಲ ಎಂಬುದಕ್ಕೆ 2023ರಲ್ಲಿ ಪುರಾವೆಯೊಂದು ಸಿಕ್ಕಿತು. ಜುಲೈ 14ರಿಂದ ನವೆಂಬರ್ 9ರವರೆಗೆ ನಟರ ಮುಷ್ಕರ ನಡೆದಾಗ ಸ್ಟುಡಿಯೋಗಳ ಒಕ್ಕೂಟದ ಹೊರಗಿದ್ದ ಎ24ನಂಥ ಸ್ವತಂತ್ರ ಕಂಪನಿಗಳ ಚಿತ್ರಗಳಿಗೆ ಸಂಘ ಮಧ್ಯಂತರ ಕರಾರು ಕೊಟ್ಟಿತು. ದೊಡ್ಡವರು ಆಗದೆಂದ ಷರತ್ತುಗಳಿಗೆ ಸಣ್ಣವರು ಸಹಿ ಹಾಕಿ ಶೂಟಿಂಗ್ ಮುಂದುವರಿಸಿದರು.

ತಂತ್ರಜ್ಞರ ಕಡೆಯೂ ಮೇಲಿನ ಕರಾರು ಬದಲಾಗುತ್ತಿದೆ. 2021ರಲ್ಲಿ ಐಎಟಿಎಸ್‌ಇಯ ಸುಮಾರು 60 ಸಾವಿರ ಕೆಲಸಗಾರರನ್ನು ಒಳಗೊಂಡ ಮತದಾನದಲ್ಲಿ ಶೇ. 98ರಷ್ಟು ಮಂದಿ ಮುಷ್ಕರದ ಅಧಿಕಾರ ನೀಡಿದರು. ಮುಷ್ಕರ ತಪ್ಪಿಸಿದ ಒಪ್ಪಂದದಲ್ಲಿ ದಿನಗಳ ನಡುವೆ 10 ಗಂಟೆ, ವಾರಾಂತ್ಯಕ್ಕೆ 54 ಗಂಟೆ ವಿರಾಮ ಸಿಕ್ಕಿತು. ಆದರೂ ಒಟ್ಟು ಮತಗಳಲ್ಲಿ ಪರವಾಗಿ ಬಿದ್ದದ್ದು ಶೇ. 50.3 ಮಾತ್ರ, ಒಪ್ಪಂದ ಬೇಡ ಎಂದವರು ಹೆಚ್ಚುಕಡಿಮೆ ಅರ್ಧ ಜನ. 2024ರ ಒಪ್ಪಂದ 15 ಗಂಟೆ ದಾಟಿದ ದುಡಿಮೆಗೆ ಮೂರು ಪಟ್ಟು ಕೂಲಿ ತಂದಿತು. ಇವೆಲ್ಲ ಸ್ಟುಡಿಯೋ ಮಟ್ಟದ ನಿಯಮಗಳು. ಸಣ್ಣ ಚಿತ್ರಗಳ ಕರಾರು ಬೇರೆಯಾಗಿ ಮಾತುಕತೆಯಾಗುವುದರಿಂದ ಮೇಲಿನ ಗೆಲುವು ಕೆಳಗೆ ತಾನಾಗಿ ಇಳಿಯುವುದಿಲ್ಲ.

ಭಾರತ ಹಿಡಿದ ದಾರಿ ಬೇರೆ. 1981ರ ಸಿನಿ ಕಾರ್ಮಿಕರ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯ ಮಾಡಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಕರ್ನಾಟಕ ವಿಧಾನಮಂಡಲ 2024ರಲ್ಲಿ ಅಂಗೀಕರಿಸಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಶಾಸನ, ಸಿನಿಮಾ ಟಿಕೆಟ್ ಮುಂತಾದವುಗಳ ಮೇಲೆ ಶೇ. 1ರಿಂದ 2ರವರೆಗೆ ಉಪಕರ ಹಾಕಿ ಕ್ಷೇಮನಿಧಿ ಕಟ್ಟಲು ಹೊರಟಿದೆ. ಅಲ್ಲಿ ದುಡಿದ ಗಂಟೆಯ ಮೇಲೆ ನಿರ್ಮಾಪಕ ಕಟ್ಟುತ್ತಾನೆ, ಇಲ್ಲಿ ಪ್ರೇಕ್ಷಕ. ಪ್ರೇಕ್ಷಕನಿಂದ ಬರುವ ನಿಧಿ ಚಿತ್ರದ ಬಜೆಟ್ಟಿಗೆ ಹೊರೆಯಾಗದು ಎಂಬುದು ಅದರ ಗುಣ; ಆದರೆ ಅದು ಸೆಟ್ಟಿನ ಗಡಿಯಾರವನ್ನು ಪ್ರಶ್ನಿಸಲಾರದು.

ಮತ್ತೆ ಅಮೆರಿಕಕ್ಕೆ ಬಂದರೆ, ಕ್ಯಾಲಿಫೋರ್ನಿಯಾ 2025ರಲ್ಲಿ ಚಿತ್ರನಿರ್ಮಾಣಕ್ಕೆ ಕೊಡುವ ವಾರ್ಷಿಕ ತೆರಿಗೆ ರಿಯಾಯಿತಿಯನ್ನು 33 ಕೋಟಿ ಡಾಲರಿನಿಂದ 75 ಕೋಟಿಗೆ ಏರಿಸಿತು. ಸ್ವತಂತ್ರ ಚಿತ್ರಗಳಿಗೆ ಅದರಲ್ಲಿ ಪ್ರತ್ಯೇಕ ಪಾಲಿದೆ. ಸಾರ್ವಜನಿಕರ ಹಣ ಸಣ್ಣ ಚಿತ್ರಗಳಿಗೆ ಹರಿಯುತ್ತಿರುವಾಗ ಅದರ ಜೊತೆ ಎರಡು ಷರತ್ತು ಹಾಕುವುದು ನ್ಯಾಯ: ಬಜೆಟ್ ಎಷ್ಟೇ ಇರಲಿ ಹತ್ತು ಗಂಟೆಯ ವಿರಾಮ, ಮತ್ತು ಅಪಾಯದ ಕೆಲಸಕ್ಕೆ ಬೇರೆ ಯಾವ ಹೊಣೆಯೂ ಇಲ್ಲದ ಒಬ್ಬ ವ್ಯಕ್ತಿ. ಎರಡಕ್ಕೂ ಕೂಲಿಯ ದರ ಏರಿಸಬೇಕಿಲ್ಲ. ಶೂಟಿಂಗ್‌ಗೆ ಒಂದೆರಡು ದಿನ ಹೆಚ್ಚು ಬೇಕಾದೀತು, ಆ ದಿನಗಳ ಖರ್ಚಿಗೇ ರಿಯಾಯಿತಿ ಇರುವುದು. ಐಎಟಿಎಸ್‌ಇಯ ಈಗಿನ ಮೂಲ ಒಪ್ಪಂದ 2027ರ ಜುಲೈ 31ಕ್ಕೆ ಮುಗಿಯುತ್ತದೆ. ಮುಂದಿನ ಮಾತುಕತೆಯ ಮೇಜಿನ ಮೇಲೆ ಸಂಘ ಸ್ಟುಡಿಯೋಗಳ ಮುಂದಿಡುವ ಬೇಡಿಕೆಪಟ್ಟಿಯ ಜೊತೆಗೇ ಈ ಎರಡು ಷರತ್ತುಗಳನ್ನು ಕೆಳಗಿನ ಮೆಟ್ಟಿಲುಗಳಿಗೂ ಸೇರಿಸಿ ಇಡಬಹುದು.